ಗಿಡಕ್ಕೆ ಚಳಿಗಾಲ 'ಕಳೆಸುವುದೋ', 'ದಾಟಿಸುವುದೋ'?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ನಾನಿರುವುದು ಶಿಕಾಗೋ ಹತ್ತಿರ. ಕುಂಡದಲ್ಲಿ ನಿಂಬೆ ಗಿಡ ಸಾಕುವ ಇಲ್ಲಿನ ಕನ್ನಡದ ಗೆಳೆಯರಿಗಾಗಿ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ಗಿಡವನ್ನು ಒಳಗೆ ತಂದು, ಮೇ ತಿಂಗಳವರೆಗೆ ಉಳಿಸಿಕೊಂಡು, ಮತ್ತೆ ಹೊರಗಿಡುವ ಇಡೀ ಕೆಲಸಕ್ಕೆ ಇಲ್ಲಿ ಓವರ್‌ವಿಂಟರಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಮೊದಲು 'ಚಳಿಗಾಲ ಕಳೆಸುವುದು' ಎಂದು ಬರೆದೆ. ತೋಟದ ಬರಹದಲ್ಲಿ ಇದು ತೊಡಕು. ಕಳೆ ಅಂದರೆ ಕೀಳಬೇಕಾದ ಹುಲ್ಲೂ ಹೌದು, ಕಳೆದುಕೊಳ್ಳುವುದೂ ಹೌದು. ಓದುವವರು ಪ್ರತಿ ಸಾಲಿನಲ್ಲೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

'ಚಳಿಗಾಲದ ನಿದ್ದೆ' ಎಂಬ ಸಲಹೆಯೂ ಬಂತು. ಕರಡಿಗಾದರೆ ಸರಿ. ನಿಂಬೆ ಎಲೆಯೆಲ್ಲ ಉದುರಿಸಿ ಮಲಗುವ ಜಾತಿಯಲ್ಲ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಬೆಚ್ಚಗಿದ್ದು ಬೆಳಕು ಸಿಕ್ಕರೆ ಕಿಟಕಿ ಪಕ್ಕದಲ್ಲೇ ಹೂ ಬಿಡುತ್ತದೆ. ಕಳೆದ ಫೆಬ್ರವರಿಯಲ್ಲಿ ಹೊರಗೆ ಮೊಣಕಾಲುದ್ದ ಹಿಮ. ಒಳಗೆ ನಮ್ಮ ಮೇಯರ್ ತಳಿಯ ನಿಂಬೆ ಘಮ್ಮೆಂದು ಅರಳಿ ನಿಂತಿತ್ತು. ಜೇನುಹುಳ ಎಲ್ಲಿಂದ ಬರಬೇಕು? ಮಗಳ ಬಣ್ಣದ ಕುಂಚ ತಗೊಂಡು ಹೂವಿಂದ ಹೂವಿಗೆ ಮೆಲ್ಲಗೆ ಸವರಿದೆ. ಕುಂಚದ ತುದಿ ಹಳದಿಯಾಯಿತು. ನಾಲ್ಕು ಮಿಡಿ ನಿಂತವು. ಇದನ್ನು ನಿದ್ದೆ ಅನ್ನೋಕಾಗಲ್ಲ, ಅಲ್ವಾ?

ಸರಿಯಾದ ಪದ ಸಿಕ್ಕಿದ್ದು ಅಮ್ಮನ ಬಾಯಲ್ಲಿ. ನಮ್ಮದು ತೀರ್ಥಹಳ್ಳಿ ಕಡೆ. ಎಳೆ ಅಡಿಕೆ ಸಸಿಗೆ ಬಿಸಿಲು ತಾಗದ ಹಾಗೆ ಸೋಗೆ ಕಟ್ಟುತ್ತಾರೆ. ಫೋನಿನಲ್ಲಿ ಆ ಮಾತು ಬಂದಾಗ ಅಮ್ಮ, "ಇದೊಂದು ಬೇಸಿಗೆ ದಾಟಿಸಿಬಿಟ್ರೆ ಸಾಕು ಮಾರಾಯ, ಆಮೇಲೆ ಅದರ ಪಾಡಿಗೆ ಅದು ಬರ್ತದೆ" ಅಂದರು. ಅಲ್ಲಿ ಬೇಸಿಗೆ, ಇಲ್ಲಿ ಚಳಿಗಾಲ. ಕೆಲಸ ಒಂದೇ. ಕೈಹಿಡಿದು ಹೊಳೆ ದಾಟಿಸಿದ ಹಾಗೆ. 'ಮಗುವನ್ನು ರಸ್ತೆ ದಾಟಿಸು' ಅನ್ನುವಂತೆಯೇ 'ಗಿಡವನ್ನು ಚಳಿಗಾಲ ದಾಟಿಸು'. ನನಗಂತೂ ಇದು ತುಂಬ ಹಿಡಿಸಿದೆ.

ಒಳಗೆ ತರುವ ಮೊದಲು ಗಿಡವನ್ನು ಒಂದೆರಡು ವಾರ ನೆರಳಲ್ಲಿಡಬೇಕು. ಬಿಸಿಲಿಂದ ಒಮ್ಮೆಗೇ ತಂದರೆ ಎಲೆ ಉದುರುತ್ತದೆ. ಇದಕ್ಕೆ 'ಒಗ್ಗಿಸು' ಎಂದೇ ಬರೆದಿದ್ದೇನೆ. ಹೊಸ ಊರಿನ ನೀರು ಒಗ್ಗಲಿಲ್ಲ ಅಂತೀವಲ್ಲ, ಅದೇ.

ಫ್ರೆಂಚರು ಈ ಕೆಲಸಕ್ಕೆಂದೇ ಕಟ್ಟಡ ಕಟ್ಟಿ ಒರಾಂಜರಿ, ಅಂದರೆ ಕಿತ್ತಳೆ ಮನೆ, ಎಂದು ಕರೆದರು. ವರ್ಸೇಲ್ಸ್ ಅರಮನೆಯದು 1684ರಿಂದ 1686ರ ನಡುವೆ ಕಟ್ಟಿದ್ದು. ಅಲ್ಲಿನ ನೂರಾರು ಮರಗಳು ಈಗಲೂ ಅಕ್ಟೋಬರಿನಲ್ಲಿ ಒಳಗೆ ಹೋಗಿ ಮೇನಲ್ಲಿ ಹೊರಗೆ ಬರುತ್ತವೆ. ಆ ಹೆಸರಿನೊಳಗಿನ 'ಒರಾಂಜ್' (ಕಿತ್ತಳೆ) ಪದದ ಜಾಡು ಹಿಡಿದರೆ ಅರಬ್ಬಿ, ಪಾರ್ಸಿ ದಾಟಿ ಸಂಸ್ಕೃತದ 'ನಾರಂಗ'ಕ್ಕೆ ಬರುತ್ತೇವೆ. ನಾರಂಗ ದ್ರಾವಿಡದಿಂದ ಹೋದದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನಮ್ಮ 'ನರುಗಂಪು' ಪದದ 'ನರು' (ಸುವಾಸನೆ) ಅದರ ನೆಂಟ. ಫೆಬ್ರವರಿಯ ಆ ಹೂವಿನ ವಾಸನೆ ನೆನೆದರೆ ಇದು ನಿಜವೇ ಅನ್ನಿಸುತ್ತದೆ.

ಈಗ ನನಗೆ ಬೇಕಿರುವುದು ಎರಡು. 'ಚಳಿಗಾಲ ದಾಟಿಸು' ಕ್ರಿಯಾಪದವಾಗಿ ಚೆನ್ನಾಗಿದೆ, ಆದರೆ ತಲೆಬರಹಕ್ಕೆ ಒಂದು ನಾಮಪದ ಬೇಕು. 'ಚಳಿದಾಟು' ಅಂದರೆ ಕಿವಿಗೆ ಹೇಗೆ ಕೇಳುತ್ತದೆ? ಇನ್ನೊಂದು, ಬಯಲುಸೀಮೆಯವರು, ಕೊಡಗಿನವರು, ಉತ್ತರ ಕರ್ನಾಟಕದವರು ಎಳೆ ಗಿಡವನ್ನೋ ಕರುವನ್ನೋ ಕಷ್ಟದ ಕಾಲದಿಂದ ಪಾರು ಮಾಡುವುದಕ್ಕೆ ಏನನ್ನುತ್ತೀರಿ? ನಿಮ್ಮ ಮನೆಯಲ್ಲಿ ಆಡುವ ಮಾತನ್ನೇ ಬರೆದು ತಿಳಿಸಿ.