ಉಚಿತ ಮನೆ ಅಂತ ಯಾರು ಹೇಳಿದ್ದು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಮಾವ ಹಾಕಿದ ಫಾರ್ವರ್ಡ್ ಇದು. ಮೇಲೆ ಜೋಡಿ ಬಾಣದ ಗುರುತು ಇತ್ತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು.

"ಎಚ್ಚರ! ಇನ್ನು ಮುಂದೆ ಯಾವ ಹೊಸ ಅಪಾರ್ಟ್‌ಮೆಂಟ್ ಕಟ್ಟಿದರೂ 100ಕ್ಕೆ 20 ಮನೆ ಬಡವರಿಗೆ ಉಚಿತ! ಆ ಖರ್ಚು ನಿಮ್ಮ ಫ್ಲ್ಯಾಟಿನ ಬೆಲೆಗೆ ಸೇರುತ್ತದೆ! ಕಷ್ಟಪಟ್ಟು ದುಡಿದವರೇನು ಮೂರ್ಖರಾ? ಎಲ್ಲರಿಗೂ ಕಳಿಸಿ!"

ಅದರ ಕೆಳಗೆ ಮಾವನದೇ ಒಂದು ಸಾಲು: "ನಾವು ಫ್ಲ್ಯಾಟ್ ಬುಕ್ ಮಾಡಿದ ಮೇಲೆ ಇದೊಂದು ಬಾಕಿ ಇತ್ತು."

ಅವರಿಗೆ ಭಯ ಆಗಿತ್ತು, ಅಷ್ಟೇ. ನಿವೃತ್ತಿಯ ದುಡ್ಡನ್ನೆಲ್ಲ ಸುರಿದು ಬುಕ್ ಮಾಡಿದ ಮನೆ ಅದು. ಆ ಭಯವನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ.

ದೊಡ್ಡಪ್ಪ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ಬೆವರು ಸುರಿಸಿ ಕಟ್ಟಿದ ಮನೆಯೇ ಮನೆ. ನಾನು ಒಂದೊಂದು ಇಟ್ಟಿಗೆಗೂ ಸಾಲ ಮಾಡಿದವನು.

ಅತ್ತೆ: ನಿಜ ಅಣ್ಣ.

ಚಿಕ್ಕಪ್ಪ: ಯಾವ ಊರಿನ ಕಾನೂನು ಇದು? ಯಾವ ವರ್ಷದ್ದು? ಆದೇಶದ ಪ್ರತಿ ಇದ್ದರೆ ಹಾಕಿ.

ಮಾವ: ಎಲ್ಲ ಕಡೆನೂ ಬರ್ತಾ ಇದೆಯಂತೆ.

ಚಿಕ್ಕಪ್ಪ: 'ಅಂತೆ' ಬೇಡ ಭಾವ. ಪ್ರತಿ ಹಾಕಿ.

ಮಾವ: ನಿನಗೆ ಎಲ್ಲದಕ್ಕೂ ಪ್ರತಿ ಬೇಕು. ನನ್ನ ಮದುವೆ ಮಾತುಕತೆಗೆ ಬಂದಾಗಲೂ ನನ್ನ ಸಂಬಳದ ಚೀಟಿ ಕೇಳಿದವನು ನೀನೇ ಅಲ್ವಾ?

ಅತ್ತೆ: ಅದೆಲ್ಲ ಈಗ್ಯಾಕೆ?

ಚಿಕ್ಕಪ್ಪ ಕೇಳಿದ್ದು ಸರಿಯಾಗಿತ್ತು. ಆ ಫಾರ್ವರ್ಡ್‌ನಲ್ಲಿ ಊರಿನ ಹೆಸರಿಲ್ಲ, ತಾರೀಕಿಲ್ಲ, ಯಾವ ಇಲಾಖೆ ಅಂತಲೂ ಇಲ್ಲ. ನಾನು ನಗರ ಯೋಜನೆ ಓದಿದವಳು. ದಿನವೂ ಇದೇ ಕೆಲಸ ಮಾಡುವವಳು. ಸುಮ್ನೆ ಇರಲು ಆಗಲಿಲ್ಲ, ಬರೆದೆ.

ನಾನು: ಮಾವ, ಉಚಿತ ಅನ್ನೋದೇ ತಪ್ಪು. ಇಂಥ ನಿಯಮ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗಮರಿ ಕೌಂಟಿಯಲ್ಲಿ 1974ರಿಂದ ಇದೆ. ಅಲ್ಲಿ ದೊಡ್ಡ ಯೋಜನೆ ಕಟ್ಟುವ ಬಿಲ್ಡರ್ ಶೇ. 12.5ರಿಂದ 15ರಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ನಿಗದಿ ಮಾಡಿದ ದರಕ್ಕೆ ಕೊಡಬೇಕು. ಕೊಳ್ಳುವವರು ಸಾಲ ಮಾಡಿ ಕಂತು ಕಟ್ಟುತ್ತಾರೆ. ಬಾಡಿಗೆಗೆ ಬರುವವರು ತಿಂಗಳು ತಿಂಗಳು ಬಾಡಿಗೆ ಕೊಡುತ್ತಾರೆ.

ನಾನು: ಬಿಲ್ಡರ್ ಕೂಡ ಬರಿಗೈಯಲ್ಲಿ ಹೋಗುವುದಿಲ್ಲ. ಅದೇ ಜಾಗದಲ್ಲಿ ಶೇ. 22ರವರೆಗೆ ಹೆಚ್ಚು ಮನೆ ಕಟ್ಟಲು ಅವನಿಗೆ ಅನುಮತಿ ಸಿಗುತ್ತಿತ್ತು. ಕೊಡು, ತಗೋ ಅನ್ನುವ ಲೆಕ್ಕ ಅದು.

ದೊಡ್ಡಪ್ಪ: ಅಮೆರಿಕದ ಪುರಾಣ ನಮಗ್ಯಾಕಮ್ಮ?

ನಾನು: ನಮ್ಮ ದೇಶದ 2007ರ ವಸತಿ ನೀತಿಯಲ್ಲೂ ಇದೆ ದೊಡ್ಡಪ್ಪ. ಹೊಸ ವಸತಿ ಯೋಜನೆಗಳಲ್ಲಿ ಶೇ. 10ರಿಂದ 15ರಷ್ಟು ಜಾಗ, ಇಲ್ಲವೇ ಕಟ್ಟಬಹುದಾದ ವಿಸ್ತೀರ್ಣದಲ್ಲಿ ಶೇ. 20ರಿಂದ 25ರಷ್ಟನ್ನು ಬಡವರಿಗೆ ಮತ್ತು ಕಡಿಮೆ ಆದಾಯದವರಿಗೆ ಮೀಸಲಿಡಬೇಕು ಅಂತ. ನೀತಿ ಅಂದರೆ ಕಾನೂನಲ್ಲ. ಅದನ್ನು ಜಾರಿಗೆ ತರುವುದು ಆಯಾ ರಾಜ್ಯದ ಕೈಯಲ್ಲಿದೆ.

ನೀಲಿ ಗುರುತು ಬಂತು. ಉತ್ತರ ಬರಲಿಲ್ಲ. ಅದರ ಬದಲು ಅಕ್ಕ ಒಂದು ಫೋಟೋ ಹಾಕಿದಳು.

ಅಕ್ಕ: ಕಾನೂನು ಗೀನೂನು ಬಿಡಿ. ಕಪಾಟು ಖಾಲಿ ಮಾಡುವಾಗ ಏನು ಸಿಕ್ತು ನೋಡಿ! ನಮ್ಮ ಹಳೇ ಮನೆಯ ಮೆಟ್ಟಿಲು. ಎಲ್ಲರೂ ಸಾಲಾಗಿ ಕೂತಿದ್ದೀವಿ. ಆಗ ಇಷ್ಟು ಜನ ಒಂದೇ ಮನೆಯಲ್ಲಿ ಇರಲಿಲ್ವಾ? ಯಾರಿಗೂ ಯೋಜನೆ ಬೇಕಿರಲಿಲ್ಲ.

ಅತ್ತೆ: ಅಯ್ಯೋ, ನನ್ನ ಹಸಿರು ಸೀರೆ!

ಚಿಕ್ಕಪ್ಪ: ನಾನು ತುದಿಯಲ್ಲಿ ಯಾಕೆ ಅರ್ಧ ಮಾತ್ರ ಕಾಣಿಸ್ತೀನಿ?

ಮಾವ: ಆ ಮೆಟ್ಟಿಲು ಹತ್ತಿದರೆ ಮಹಡಿ ಮನೆ. ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ಅಲ್ಲೇ. ಅಲ್ಲಿಂದ ಯಾಕೆ ಬಿಟ್ಟು ಹೋದೆವು ಅನ್ನೋದು ಕೆಲವರಿಗೆ ನೆನಪಿರಬಹುದು.

ಅತ್ತೆ: ಬೇಡ ಸುಮ್ಮನಿರಿ.

ದೊಡ್ಡಪ್ಪ: ನೇರವಾಗಿ ಹೇಳಿ ಭಾವ. ಯಾರಿಗೆ ನೆನಪಿರಬೇಕು?

ಮಾವ: ನೇರವಾಗಿಯೇ ಹೇಳ್ತೀನಿ. ಹೊರಗಿನವರು ಜಾಸ್ತಿ ಕೊಡ್ತಾರೆ ಅಂತ ನಮ್ಮ ಬಾಡಿಗೆ ಏರಿಸಿದಿರಿ. ನನ್ನ ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗ್ತಿತ್ತು. ಇವಳು ಬಸುರಿ. ನಾವು ಊರ ಹೊರಗೆ ಮನೆ ಹುಡುಕಿಕೊಂಡು ಹೋದೆವು.

ದೊಡ್ಡಪ್ಪ: ನನಗೂ ಸಾಲ ಇತ್ತು. ಬ್ಯಾಂಕಿನವರು ತಂಗಿಯ ಗಂಡ ಅಂತ ಕಂತು ಬಿಡುತ್ತಾರಾ?

ಮಾವ: ಒಂದು ಮಾತು ಕೇಳಬಹುದಿತ್ತು.

ದೊಡ್ಡಪ್ಪ: ಕೇಳಿದ್ದೆ. ನಿಮ್ಮ ಹೆಂಡತಿಯ ಹತ್ತಿರ ಕೇಳಿದ್ದೆ.

ಇಲ್ಲಿ ಗುಂಪು ಸ್ವಲ್ಪ ಹೊತ್ತು ಸ್ತಬ್ಧ. ಅತ್ತೆ 'ಟೈಪಿಂಗ್' ಅಂತ ಕಾಣಿಸಿಕೊಂಡರು, ಹೋದರು, ಮತ್ತೆ ಕಾಣಿಸಿಕೊಂಡರು. ಕೊನೆಗೆ ಏನೂ ಬರೆಯಲಿಲ್ಲ. ಅಕ್ಕ ಆ ಫೋಟೋವನ್ನು ಡಿಲೀಟ್ ಮಾಡಿದಳು.

ನನಗೆ ಇದನ್ನು ಬರೆಯಲೇಬೇಕು ಅನ್ನಿಸಿದ್ದು ಈ ಜಗಳಕ್ಕಾಗಿ. ಅವತ್ತು ಗುಂಪಿನಲ್ಲಿ ಮನೆಯ ಬಗ್ಗೆ ಬಂದ ಅತ್ಯಂತ ಗಟ್ಟಿ ಮಾತು ಇದು. ಇಬ್ಬರ ಮಾತೂ ನಿಜ. ಸಾಲದ ಮೇಲೆ ಕಟ್ಟಿದ ಮಾಲೀಕ ಕಡಿಮೆ ಬಾಡಿಗೆ ಎಲ್ಲಿಂದ ತಂದಾನು? ಅರ್ಧ ಸಂಬಳ ಬಾಡಿಗೆಗೆ ಕೊಟ್ಟವನು ಉಳಿದ ತಿಂಗಳು ಹೇಗೆ ನಡೆಸಿಯಾನು? ಈ ಎರಡರ ನಡುವಿನ ಅಂತರವನ್ನು ಯಾರು ತುಂಬಬೇಕು ಅನ್ನುವುದೇ ಈ ನಿಯಮಗಳ ಮೂಲ ಪ್ರಶ್ನೆ. ಅದನ್ನು ತಂಗಿ ಮತ್ತು ಭಾವನ ಮೇಲೆ ಬಿಟ್ಟರೆ ಮನೆ ಒಡೆಯುತ್ತದೆ. ಊರು ಅದನ್ನು ಲೆಕ್ಕ ಹಾಕಿ ಹಂಚಬೇಕು. ಹೆಚ್ಚುವರಿ ಮಹಡಿಯ ಅನುಮತಿಯಾಗಿ, ತೆರಿಗೆ ರಿಯಾಯಿತಿಯಾಗಿ, ಸ್ವಲ್ಪ ಬಿಲ್ಡರ್‌ನ ಲಾಭದಿಂದ, ಸ್ವಲ್ಪ ಜಾಗದ ಬೆಲೆಯಿಂದ. ನಾಳೆ ಇಷ್ಟು ಮನೆ ಕಡಿಮೆ ದರಕ್ಕೆ ಕೊಡಬೇಕು ಅಂತ ಮೊದಲೇ ಗೊತ್ತಿದ್ದರೆ ಬಿಲ್ಡರ್ ಜಾಗಕ್ಕೆ ಅಷ್ಟು ಕಡಿಮೆ ಬೆಲೆ ಕಟ್ಟುತ್ತಾನೆ. ದಿಢೀರನೆ ಹೇರಿದರೆ, ಬದಲಿಗೆ ಏನೂ ಕೊಡದಿದ್ದರೆ, ಕಟ್ಟುವುದನ್ನೇ ನಿಲ್ಲಿಸುತ್ತಾನೆ. ಫಾರ್ವರ್ಡ್ ಇದನ್ನು ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ.

ಮೌನ ಮುರಿದವರು ದೊಡ್ಡಪ್ಪ.

ದೊಡ್ಡಪ್ಪ: ಸರಿ, ಕೊಡಲಿ. ನಾನು ಬೇಡ ಅನ್ನುವುದಿಲ್ಲ. ಅವರಿಗೆ ಬೇರೆ ಬ್ಲಾಕು, ಬೇರೆ ಗೇಟು ಇರಲಿ. ಯಾರಿಗೂ ತೊಂದರೆ ಇಲ್ಲ.

ನಾನು: ಅದನ್ನೂ ಮಾಡಿ ನೋಡಿದ್ದಾರೆ ದೊಡ್ಡಪ್ಪ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ನದಿ ಪಕ್ಕದ ಒಂದು ಎತ್ತರದ ಕಟ್ಟಡ. ಕಡಿಮೆ ಬಾಡಿಗೆಯ 55 ಮನೆಗಳಿಗೆ ಬೇರೆ ಬಾಗಿಲು. ಜನ ಅದಕ್ಕೆ 'ಬಡವರ ಬಾಗಿಲು' ಅಂತಲೇ ಹೆಸರಿಟ್ಟರು. 2014ರಲ್ಲಿ ದೊಡ್ಡ ಗಲಾಟೆ ಆಯಿತು. ಮುಂದಿನ ವರ್ಷವೇ ರಾಜ್ಯದ ತೆರಿಗೆ ರಿಯಾಯಿತಿ ಕಾನೂನಿಗೆ ತಿದ್ದುಪಡಿ ತಂದು, ರಿಯಾಯಿತಿ ಪಡೆಯುವ ಹೊಸ ಕಟ್ಟಡಗಳಲ್ಲಿ ಬಾಗಿಲು ಎಲ್ಲರಿಗೂ ಒಂದೇ ಇರಬೇಕು ಅಂತ ಮಾಡಿದರು.

ಮಾವ: ಬೇರೆ ಬಾಗಿಲಿನ ಮನೆಗೆ ಯಾರು ಬರ್ತಾರೆ?

ನಾನು: ಆ 55 ಮನೆಗೆ 88,000ಕ್ಕಿಂತ ಜಾಸ್ತಿ ಅರ್ಜಿ ಬಂತು ಮಾವ. ಕೊನೆಗೆ ಲಾಟರಿ ಎತ್ತಿದರು.

ಚಿಕ್ಕಪ್ಪ: 88,000? ಸರಿಯಾಗಿ ನೋಡಿ ಹೇಳ್ತಿದ್ದೀಯಾ?

ನಾನು: ಹೌದು ಚಿಕ್ಕಪ್ಪ. 2015ರಲ್ಲಿ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು.

ಬಾಗಿಲಿನ ವಿಷಯದಲ್ಲಿ ನನಗೆ ರಾಜಿ ಇಲ್ಲ. ಒಂದೇ ಲಿಫ್ಟಿನಲ್ಲಿ ಹೋಗುವ ಮಕ್ಕಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಬೇರೆ ಗೇಟಿನ ಮಕ್ಕಳಿಗೆ 'ಆ ಬ್ಲಾಕಿನವರು' ಅನ್ನುವುದೇ ಹೆಸರಾಗುತ್ತದೆ. ದರ ಕಡಿಮೆ ಮಾಡಿ ಗೋಡೆ ಎತ್ತರಿಸುವುದಾದರೆ, ಊರಿನ ಮಧ್ಯದಲ್ಲಿ ಮನೆ ಕೊಟ್ಟು ಏನು ಬಂತು?

ಮಾವ: ಅದೆಲ್ಲ ಸರಿ. ನನ್ನ ಫ್ಲ್ಯಾಟಿನ ಬೆಲೆ ಬಿದ್ದು ಹೋದರೆ? ನಾಳೆ ಮಾರಬೇಕಾಗಿ ಬಂದರೆ?

ನಾನು: ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೌಂಟ್ ಲಾರೆಲ್‌ನಲ್ಲಿ ಇದೇ ಭಯ ಇತ್ತು. ಎಥೆಲ್ ಲಾರೆನ್ಸ್ ಅನ್ನುವ ಮಹಿಳೆ ಮತ್ತು ಇತರರು ಕೋರ್ಟಿಗೆ ಹೋದರು. ಕಡಿಮೆ ಆದಾಯದವರು ಮನೆ ಮಾಡಲಾಗದ ಹಾಗೆ ಊರು ನಿಯಮ ಮಾಡಬಾರದು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಊರಿನವರು ಆಮೇಲೂ ಬಹಳ ವರ್ಷ ಎಳೆದಾಡಿದರು. ಕೊನೆಗೆ 2000ದಿಂದ ಆಕೆಯ ಹೆಸರಿನ ವಸತಿ ಸಮುಚ್ಚಯಕ್ಕೆ ಜನ ಬರತೊಡಗಿದರು, ಒಟ್ಟು 140 ಮನೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಗ್ಲಸ್ ಮ್ಯಾಸಿ ತಂಡ ಅಕ್ಕಪಕ್ಕದ ಬಡಾವಣೆಗಳನ್ನು ಕೂಲಂಕಷವಾಗಿ ನೋಡಿತು. ಮನೆ ಬೆಲೆ ಅದರಿಂದ ಬಿದ್ದಿರಲಿಲ್ಲ. ಅಪರಾಧ ಹೆಚ್ಚಿರಲಿಲ್ಲ.

ನಾನು: ಇನ್ನೊಂದು ಮಾತು ಮಾವ. ಇಂಥ ನಿಯಮ ಸಾಮಾನ್ಯವಾಗಿ ಹೊಸದಾಗಿ ನಕ್ಷೆ ಮಂಜೂರಾತಿಗೆ ಬರುವ ಕಟ್ಟಡಕ್ಕೆ ಅನ್ವಯ. ನಿಮ್ಮದಕ್ಕೆ ಮಂಜೂರಾತಿ ಸಿಕ್ಕಿ, ಒಪ್ಪಂದಕ್ಕೆ ಸಹಿಯೂ ಆಗಿದೆ.

ಮಾವ: ಹೌದಾ?

ಮಾವ: ಇದನ್ನು ಮೊದಲೇ ಹೇಳಬಾರದಿತ್ತಾ?

ಅಲ್ಲಿಗೆ ಮಾವನ ಮಟ್ಟಿಗೆ ವಿಷಯ ಮುಗಿಯಿತು. ಚಿಕ್ಕಪ್ಪ ಮಾತ್ರ ಬಿಡಲಿಲ್ಲ. ಅವರು ಬಿಡದೇ ಇದ್ದದ್ದು ಒಳ್ಳೆಯದೇ ಆಯಿತು.

ಚಿಕ್ಕಪ್ಪ: ಎಲ್ಲ ಚೆನ್ನಾಗಿದೆ ಅಂತ ಹೇಳ್ತಾ ಹೋಗ್ತಿದ್ದೀಯ. ಕೆಟ್ಟದ್ದು ಏನೂ ಆಗಿಲ್ಲವಾ?

ನಾನು: ಆಗಿದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2017ರ ಫೆಬ್ರವರಿಯಿಂದ 20 ಅಥವಾ ಹೆಚ್ಚು ಮನೆ ಇರುವ ಕಟ್ಟಡಗಳಿಗೆ ನಿಯಮ ಬಂತು. ಅದಕ್ಕೆ ಮೊದಲೇ ಅರ್ಜಿ ಹಾಕಿಬಿಡಲು ಬಿಲ್ಡರ್‌ಗಳು ಮುಗಿಬಿದ್ದರು. ಆಮೇಲೆ 20ಕ್ಕಿಂತ ಕಡಿಮೆ ಮನೆಯ ಕಟ್ಟಡ ಕಟ್ಟಿ ತಪ್ಪಿಸಿಕೊಂಡವರೂ ಇದ್ದಾರೆ. ಲಂಡನ್‌ನಲ್ಲಿ 'ಇಷ್ಟು ಮನೆ ಕೊಟ್ಟರೆ ನಮಗೆ ಗಿಟ್ಟುವುದಿಲ್ಲ' ಅಂತ ಲೆಕ್ಕ ತೋರಿಸಿ ಬಿಲ್ಡರ್‌ಗಳು ಮನೆಗಳ ಸಂಖ್ಯೆ ಇಳಿಸಿಕೊಳ್ಳುತ್ತಿದ್ದರು. ಆ ಲೆಕ್ಕ ಎಷ್ಟೋ ಸಲ ಜನರಿಗೆ ನೋಡಲೂ ಸಿಗುತ್ತಿರಲಿಲ್ಲ. 2017ರಲ್ಲಿ ಮೇಯರ್ ನಿಯಮ ಬದಲಿಸಿದರು. ಶೇ. 35ರಷ್ಟು ಮನೆ ಕಡಿಮೆ ದರಕ್ಕೆ ಕೊಡುತ್ತೀರಾ, ನಿಮ್ಮ ಅರ್ಜಿ ಬೇಗ ಮುಗಿಯುತ್ತದೆ. ಕೊಡುವುದಿಲ್ಲವಾ, ಲೆಕ್ಕ ಬಿಚ್ಚಿಡಿ ಅಂತ.

ಚಿಕ್ಕಪ್ಪ: ಇದು ಮಾತು. ಲೆಕ್ಕ ಬಿಚ್ಚಿಡಲಿ.

ಇಷ್ಟು ಹೊತ್ತು ಓದುತ್ತಾ ಮಾತ್ರ ಇದ್ದವಳು ಚಿಕ್ಕಪ್ಪನ ಮಗಳು. ನರ್ಸ್. ಆಸ್ಪತ್ರೆ ಊರಿನ ನಡುವೆ ಇದೆ, ಅವಳ ಬಾಡಿಗೆ ಮನೆ ಊರಿನ ಅಂಚಿನಲ್ಲಿ. ಎರಡು ಬಸ್ಸು ಬದಲಿಸಿ ಹೋಗುತ್ತಾಳೆ.

ತಂಗಿ: ಅಕ್ಕ, ನನ್ನಂಥವರಿಗೂ ಸಿಗುತ್ತಾ ಇಂಥ ಮನೆ?

ದೊಡ್ಡಪ್ಪ: ನಿನಗ್ಯಾಕೆ ಪುಟ್ಟಿ? ನೀನೇನು ಬಡವಳಾ?

ನಾನು: ಬಡವರು ಅಂತ ಬರೆದದ್ದು ಫಾರ್ವರ್ಡ್ ದೊಡ್ಡಪ್ಪ. ಬಹಳ ಕಡೆ ನಿಯಮ ನೋಡುವುದು ಆ ಊರಿನ ನಡುಮಟ್ಟದ ಆದಾಯವನ್ನು, ಅಂದರೆ ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ ಇರುವ ಮಟ್ಟ. ನ್ಯೂಯಾರ್ಕಿನ 2016ರ ನಿಯಮದ ಒಂದು ಆಯ್ಕೆಯಲ್ಲಿ ವಸತಿ ವಿಸ್ತೀರ್ಣದ ಶೇ. 25ರಷ್ಟು, ಸರಾಸರಿಯಲ್ಲಿ ಆ ನಡುಮಟ್ಟದ ಶೇ. 60ರಷ್ಟು ಆದಾಯ ಇರುವವರಿಗೆ. ಆ ಲೆಕ್ಕದೊಳಗೆ ದಿನವೂ ಕೆಲಸಕ್ಕೆ ಹೋಗಿ ಸಂಬಳ ತರುವವರು ಬೇಕಾದಷ್ಟು ಜನ ಬರುತ್ತಾರೆ.

ಅತ್ತೆ: ಹಾಗಾದರೆ ಒಳ್ಳೆಯದೇ ಅಲ್ವಾ?

ತಂಗಿ: ಎಷ್ಟು ವರ್ಷ ಆ ದರ ಇರುತ್ತೆ?

ಇಷ್ಟು ದೊಡ್ಡ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಖುಷಿಯಿಂದ ಉದ್ದಕ್ಕೆ ಬರೆದೆ. ಮಾಂಟ್‌ಗಮರಿಯಲ್ಲಿ ಎಡವಿದ್ದೇ ಇಲ್ಲಿ. ಶುರುವಿನಲ್ಲಿ ದರದ ಕಟ್ಟು ಇದ್ದದ್ದು ಬರೀ 5 ವರ್ಷ, ಆಮೇಲೆ 10 ವರ್ಷ. ಸಾವಿರಾರು ಮನೆ ಕಟ್ಟಿದರು. ಅವಧಿ ಮುಗಿದ ಹಾಗೆ ಒಂದೊಂದಾಗಿ ಮಾರುಕಟ್ಟೆ ಬೆಲೆಗೆ ಜಾರಿದವು. ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಕೊನೆಗೆ 2005ರಲ್ಲಿ ಮಾರುವ ಮನೆಗೆ 30 ವರ್ಷ, ಬಾಡಿಗೆ ಮನೆಗೆ 99 ವರ್ಷ ಅಂತ ಮಾಡಿದರು. ನ್ಯೂಯಾರ್ಕಿನ 2016ರ ನಿಯಮದಲ್ಲಿ ಅವಧಿಯೇ ಇಲ್ಲ, ಕಾಯಂ. ನನ್ನ ಪ್ರಕಾರ ಶೇ. 20 ಬೇಕೋ 15 ಸಾಕೋ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ. 5 ವರ್ಷದ 20 ಮನೆಗಿಂತ ಕಾಯಂ ಆದ 10 ಮನೆ ಲೇಸು.

ದೊಡ್ಡಪ್ಪ: ಸಾಲ ಮಾಡಿ ಕೊಂಡ ಮನೆಯನ್ನು ನನಗೆ ಬೇಕಾದ ಬೆಲೆಗೆ ಮಾರಬಾರದು ಅಂದರೆ, ಅದು ಸ್ವಂತ ಮನೆ ಹೇಗಾಗುತ್ತೆ?

ಮಾವ: ಭಾವ ಹೇಳೋದು ಸರಿ ಇದೆ.

ನಾನು: ಕೊಳ್ಳುವಾಗ ಊರಿನವರ ದೆಸೆಯಿಂದ ಕಡಿಮೆಗೆ ಸಿಕ್ಕಿತ್ತಲ್ಲ ದೊಡ್ಡಪ್ಪ. ಮಾರುವಾಗ ಪೂರ್ತಿ ಲಾಭ ಒಬ್ಬರಿಗೇ ಹೋದರೆ ಮುಂದಿನವರಿಗೆ ಮನೆ ಎಲ್ಲಿ? ಹಾಕಿದ ದುಡ್ಡು, ಅದರ ಮೇಲೆ ನ್ಯಾಯವಾದ ಏರಿಕೆ ಸಿಗುತ್ತೆ.

ತಂಗಿ: ನನಗೆ ಲಾಭ ಬೇಡ ದೊಡ್ಡಪ್ಪ. ಆಸ್ಪತ್ರೆ ಹತ್ತಿರ ಮನೆ ಬೇಕು.

ದೊಡ್ಡಪ್ಪ: ಈಗ ಹಾಗಂತೀಯ. ಮನೆ ನಿನ್ನ ಹೆಸರಿಗೆ ಆದ ಮೇಲೆ ಮಾತು ಬದಲಾಗುತ್ತೆ ಪುಟ್ಟಿ.

ತಂಗಿ: ಬದಲಾದರೆ ಆವಾಗ ಬೈಯಿರಿ. ಈಗ ಡ್ಯೂಟಿಗೆ ಹೊರಟೆ.