ಎರಡನೇ ಆಲ್ಬಮ್ ‘ಬಾವಿಯೊಳಗಿನಿಂದ ಹಾಡಿದ ಹಾಗಿದೆ’ ಎನ್ನುತ್ತಾರೆ. ತೆಗೆದುಹಾಕಬೇಕೆ?

ಪಿಟೀಲಿನವಳು, ಒಂಟಿಕೊಪ್ಪಲು

ನಮ್ಮದು ನಾಲ್ವರ ತಂಡ. ಕನ್ನಡದಲ್ಲೇ ಹಾಡು ಕಟ್ಟುತ್ತೇವೆ. ಗಿಟಾರು, ಕೀಬೋರ್ಡು, ಮೇಲೆ ಕುಳಿತು ಬಡಿಯುವ ಒಂದು ಮರದ ಪೆಟ್ಟಿಗೆ, ಜೊತೆಗೆ ನನ್ನ ಪಿಟೀಲು. ಯಾರಾದರೂ ಕೇಳಿದರೆ ಇಂಡಿ ಪಾಪ್ ಎನ್ನುತ್ತೇವೆ. ‘ಭಾವಗೀತೆಯೇ ತಾನೆ, ಸ್ವಲ್ಪ ಅವಸರದ್ದು’ ಎನ್ನುತ್ತಾರೆ ನಮ್ಮಮ್ಮ.

ಮೂರು ವರ್ಷದ ಹಿಂದೆ ಮೊದಲ ಆಲ್ಬಮ್ಮಿನ ಆರು ಹಾಡುಗಳನ್ನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗಂಟೆಗಿಷ್ಟು ಎಂದು ಹಣ ಕಟ್ಟಿ ಧ್ವನಿಮುದ್ರಿಸಿದ್ದೆವು. ಒಂದು ಕಣ್ಣು ಗಡಿಯಾರದ ಮೇಲಿಟ್ಟು ನುಡಿಸಿದ ಆ ಹಾಡುಗಳು ನನಗೆ ಇಂದಿಗೂ ಇಸ್ತ್ರಿ ಹಾಕಿದ ಅಂಗಿಯಂತೆ ಕೇಳಿಸುತ್ತವೆ. ಜನಕ್ಕೆ ಅವೇ ಇಷ್ಟ. ಎರಡನೆಯದರ ಎಂಟು ಹಾಡುಗಳನ್ನು ಕಳೆದ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನ ಮನೆಯ ಮಹಡಿ ಕೋಣೆಯಲ್ಲಿ, ನಾಲ್ಕು ದಿನದಲ್ಲಿ, ನಾಲ್ವರೂ ಒಟ್ಟಿಗೆ ಕುಳಿತು ಮುದ್ರಿಸಿದೆವು. ಗೋಡೆಗೆ ಜಮಖಾನ ತೂಗುಹಾಕಿದ್ದೆವು, ಬಾಗಿಲಿಗೆ ಹಾಸಿಗೆ ಒರಗಿಸಿದ್ದೆವು. ಕುಕ್ಕರ್ ಇಡಬೇಡಿ ಎಂದು ದೊಡ್ಡಮ್ಮನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗಾಗಿ ನಾಲ್ಕನೇ ಹಾಡಿನ ಕೊನೆಯಲ್ಲಿ ಒಂದು ಸೀಟಿ ಇದೆ. ಅದು ಶ್ರುತಿಗೆ ಕೂಡುತ್ತದೆ ಎಂಬುದು ನನ್ನ ವಾದ.

ಆಲ್ಬಮ್ ಹೊರಬಂದು ಎರಡು ತಿಂಗಳಾಯಿತು. ‘ಬಾವಿಯೊಳಗಿನಿಂದ ಹಾಡಿದ ಹಾಗಿದೆ’ ಎಂದು ಒಬ್ಬರು ಬರೆದರು. ‘ಮೊದಲನೆಯದರ ಹಾಗೆ ಯಾಕಿಲ್ಲ?’ ಎಂದು ಹನ್ನೊಂದು ಮಂದಿ ಕೇಳಿದರು, ಎಣಿಸಿದ್ದೇನೆ. ಮೊದಲನೆಯದನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳಿಸಿದ್ದ ಸಹೋದ್ಯೋಗಿಯೊಬ್ಬರು ಈ ಸಲ ‘ಹ್ಞಾಂ, ಕೇಳಿದೆ’ ಎಂದಷ್ಟೇ ಹೇಳಿ ಊಟದ ಡಬ್ಬಿ ತೆರೆದರು.

ನಮ್ಮ ಹಾಡುಗಾರ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ರೈಲಿನಲ್ಲಿ ಬರುತ್ತಾನೆ. ಎಲ್ಲವನ್ನೂ ತೆಗೆದುಹಾಕಿ ಮತ್ತೆ ಸ್ಟುಡಿಯೋದಲ್ಲಿ ಮುದ್ರಿಸೋಣ ಎನ್ನುವುದು ಅವನ ಹಟ. ಎಂಬತ್ತು ಸಾವಿರದ ಲೆಕ್ಕವನ್ನೂ ಬರೆದು ತಂದಿದ್ದಾನೆ. ನಾನು ಬೇಡ ಎನ್ನುತ್ತಿದ್ದೇನೆ.

ನನ್ನ ಧೈರ್ಯಕ್ಕೆ ಕಾರಣ ಸ್ಕಾಟ್ಲೆಂಡಿನ ಗ್ಲಾಸ್ಗೋದ ಬೆಲ್ ಆ್ಯಂಡ್ ಸೆಬಾಸ್ಟಿಯನ್ ತಂಡ. 1996ರಲ್ಲಿ ಅವರ ಮೊದಲ ಆಲ್ಬಮ್ ಸ್ಟೋ ಕಾಲೇಜಿನ ಕೋರ್ಸೊಂದರ ಭಾಗವಾಗಿ ತಯಾರಾಯಿತು, ಮುದ್ರಿಸಿದ್ದು ಬರೀ 1,000 ಪ್ರತಿ. ಅದೇ ವರ್ಷದ ನವೆಂಬರಿನಲ್ಲಿ ಎರಡನೆಯದೂ ಬಂತು: ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’. ಹತ್ತು ಹಾಡು, ಕೆಂಪು ರಕ್ಷಾಪುಟ. ಹಾಡುಗಾರ ಸ್ಟುವರ್ಟ್ ಮರ್ಡಾಕ್ ದೀರ್ಘಕಾಲದ ದಣಿವಿನ ಕಾಯಿಲೆಯಿಂದ ಹಲವು ವರ್ಷ ಮನೆಯಲ್ಲೇ ಇದ್ದು ಎದ್ದು ಬಂದವನು, ಆ ದನಿಯಲ್ಲಿ ಅದು ತಿಳಿಯುತ್ತದೆ. ತಂಡದವರು ಪತ್ರಿಕೆಗಳಿಗೆ ಸಂದರ್ಶನ ಕೊಡುತ್ತಿರಲಿಲ್ಲ, ಫೋಟೊ ಕೇಳಿದರೆ ಗೆಳೆಯರ ಫೋಟೊ ಕಳುಹಿಸುತ್ತಿದ್ದರು. ಈ ಎರಡನೇ ಆಲ್ಬಮ್ಮಿನ ಧ್ವನಿ ತೆಳುವಾಗಿದೆ ಎಂಬ ಅತೃಪ್ತಿ ಸ್ವತಃ ಮರ್ಡಾಕ್‌ಗೇ ಇತ್ತು. ಆದರೂ ಇಂದು ಅವರ ಅತ್ಯುತ್ತಮ ಕೆಲಸವೆಂದು ಹೆಚ್ಚಿನವರು ಎತ್ತಿ ಹೇಳುವುದು ಅದನ್ನೇ.

ನನ್ನ ಪ್ರಶ್ನೆ: ಕೇಳುಗರು ಆಲ್ಬಮ್ಮಿಗೆ ಒಗ್ಗಿಕೊಳ್ಳುವವರೆಗೆ ಕಾಯುವುದು ಸರಿಯೋ, ತೆಗೆದುಹಾಕುವುದೋ? ಕೆಳಗೆ ಕೊಂಡಿ ಕೊಟ್ಟಿದ್ದೇನೆ. ಕೇಳಿದವರು ಮಾತ್ರ ಉತ್ತರಿಸಿ, ದಯವಿಟ್ಟು.

ಸೌಂಡ್ ಸಿಸ್ಟಂ, ಹೆಬ್ಬಾಳು

ಮೂರು ಹಾಡು ಕೇಳಿದೆ. ಬಾವಿ ಎಂದವರು ಸುಳ್ಳು ಹೇಳಿಲ್ಲ ಮೇಡಂ. ಆದರೆ ಬಾವಿ ತೋಡಿದ್ದು ನಿಮ್ಮ ಜಮಖಾನ. ಬಟ್ಟೆ ಹೀರಿಕೊಳ್ಳುವುದು ಹೆಚ್ಚಾಗಿ ಮೇಲಿನ, ಹರಿತವಾದ ಧ್ವನಿಯನ್ನು. ಗಿಟಾರಿನ ಮತ್ತು ಗಂಡಸಿನ ದನಿಯ ಕೆಳಗಿನ ಗುಂಯ್‌ಗುಡುವಿಕೆ, ಸುಮಾರು 200ರಿಂದ 400 ಹರ್ಟ್ಸ್‌ವರೆಗಿನದು, ಕಾಂಕ್ರೀಟ್ ಸೂರಿಗೂ ಎದುರುಬದುರು ಗೋಡೆಗಳಿಗೂ ಬಡಿದು ಅಲ್ಲೇ ಸುತ್ತುತ್ತಿರುತ್ತದೆ. ಮಾತಿನ ಸ್ಪಷ್ಟತೆ ಹೋಗುತ್ತದೆ, ಮಬ್ಬು ಉಳಿಯುತ್ತದೆ. ಪುಸ್ತಕದ ಕಪಾಟು, ಹಾಸಿಗೆ ರಾಶಿ ಇರುವ ಕೋಣೆಯೇ ಇದಕ್ಕಿಂತ ಮೇಲು.

ಎರಡು ವಿಷಯ ತಿಳಿಸಿ. ಒಬ್ಬೊಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್ ಇತ್ತೇ? ಇದ್ದರೂ ಒಟ್ಟಿಗೆ ಕುಳಿತದ್ದರಿಂದ ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ನುಗ್ಗಿರುತ್ತದೆ. ಪೂರ್ತಿ ಬೇರ್ಪಡಿಸಲು ಆಗದು, ಕೆಳಗಿನ ಮಬ್ಬನ್ನು ಕತ್ತರಿಸಿ ದನಿಯನ್ನು ಒಂದಿಷ್ಟು ಮುಂದಕ್ಕೆ ತರಬಹುದು. ಮತ್ತೆ ಮಿಕ್ಸ್ ಮಾಡಲು ಎಂಬತ್ತು ಸಾವಿರ ಬೇಕಿಲ್ಲ.

ಇನ್ನೊಂದು: ‘ಸದ್ದು ಕಡಿಮೆ’ ಎಂದು ಯಾರೋ ಹೇಳಿದರು ಎಂದುಕೊಂಡು ಎಲ್ಲವನ್ನೂ ಹಿಗ್ಗಾಮುಗ್ಗಾ ಜೋರು ಮಾಡಬೇಡಿ. ಸ್ಪಾಟಿಫೈನಂಥ ಕಡೆ ಸುಮಾರು −14 ಲಫ್ಸ್ (ಹಾಡು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ) ಮಟ್ಟಕ್ಕೆ ಅವರೇ ತಗ್ಗಿಸಿಬಿಡುತ್ತಾರೆ. ಜೋರು ಹೋಗಿ ಜಜ್ಜಿದ ಹಾಡು ಮಾತ್ರ ಉಳಿಯುತ್ತದೆ.

ಸೀಟಿ ಶ್ರುತಿಗೆ ಕೂಡುವುದಿಲ್ಲ. ಸ್ವಲ್ಪ ಏರಿದೆ.

ಹಳೆಯ ಕೀಬೋರ್ಡು, ಮಂಡ್ಯ

ಇಪ್ಪತ್ತಾರು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವನು ನಾನು. ಗಣಪತಿ ಪೆಂಡಾಲು, ಊರಹಬ್ಬ, ಕಬ್ಬಿನ ಗದ್ದೆಯ ಪಕ್ಕದ ಮದುವೆ ಎಲ್ಲವೂ ಆಗಿದೆ. ನಿಮ್ಮ ಆಲ್ಬಮ್ಮನ್ನು ಎರಡು ಸಲ ಪೂರ್ತಿ ಕೇಳಿದ್ದೇನೆ, ಆದ್ದರಿಂದ ಬೈಯುವ ಹಕ್ಕಿದೆ ಎಂದುಕೊಳ್ಳುತ್ತೇನೆ.

ಗ್ಲಾಸ್ಗೋ ಕಥೆ ಚೆನ್ನಾಗಿದೆ ತಾಯಿ, ಆದರೆ ಅರ್ಧಕ್ಕೇ ನಿಲ್ಲಿಸಿದಿರಿ. ನನ್ನ ಮಗ ಆ ತಂಡದ ಭಕ್ತ, ಉಳಿದರ್ಧ ಅವನ ಬಾಯಲ್ಲಿ ಕೇಳಿದ್ದೇನೆ. ಅತೃಪ್ತಿ ಇತ್ತಲ್ಲ, ಅದನ್ನು ಅವರು ನುಂಗಿಕೊಂಡು ಕೂರಲಿಲ್ಲ. 2005ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಆ ಹತ್ತೂ ಹಾಡುಗಳನ್ನು ಅದೇ ಸಾಲಿನಲ್ಲಿ ಮತ್ತೆ ನುಡಿಸಿದರು, ಆ ಧ್ವನಿಮುದ್ರಣವನ್ನೂ ಹೊರತಂದರು. ಹಳೆಯದನ್ನು ಅಳಿಸಲೂ ಇಲ್ಲ. ಇನ್ನೊಂದು ಮಾತು: ಧ್ವನಿ ತೆಳುವಾಗಿದ್ದೂ ಬದುಕಿದ ಒಂದು ಆಲ್ಬಮ್ಮಿನ ಹೆಸರು ನಿಮಗೆ ಗೊತ್ತು. ಧ್ವನಿ ತೆಳುವಾಗಿ ಸತ್ತವುಗಳ ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೇ ಉದಾಹರಣೆಗೆ ಸಿಗುವುದಿಲ್ಲ.

ನೀವು ಪಿಟೀಲಿನವರು, ಅದೂ ಮೈಸೂರಿನವರು. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಏತಕ್ಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಕೇಳಲಿ ಎಂದು. ಕೇಳಿಸದಿದ್ದರೆ ಒಗ್ಗಿಕೊಳ್ಳಲಿ ಬಿಡಿ ಎಂದು ಅವರು ಹೇಳಲಿಲ್ಲ.

ಕೊನೆಯದಾಗಿ, ಎಂಟು ಹಾಡಿನಲ್ಲೂ ಹಾಡುಗಾರನ ಮಾತು ಅರ್ಧ ನುಂಗಿಹೋಗಿದೆ, ಕೀಬೋರ್ಡು ಇದೆಯೋ ಇಲ್ಲವೋ ತಿಳಿಯದು. ಪಿಟೀಲು ಮಾತ್ರ ಬಹಳ ಚೊಕ್ಕವಾಗಿ ಕೇಳಿಸುತ್ತದೆ. ಸುಮ್ಮನೆ ಹೇಳಿದೆ.

ಕುಕ್ಕರಹಳ್ಳಿ ಏರಿಯವನು

ಎಲ್ಲರೂ ಧ್ವನಿಯ ಹಿಂದೆಯೇ ಬಿದ್ದಿದ್ದೀರಿ. ಆ ಹನ್ನೊಂದು ಮಂದಿ ಕೇಳಿದ್ದು ‘ಮೊದಲನೆಯದರ ಹಾಗೆ ಯಾಕಿಲ್ಲ’ ಎಂದಲ್ಲವೇ? ಅದಕ್ಕೆ ಯಾವ ಮಿಕ್ಸಿಂಗೂ ಮದ್ದಲ್ಲ. ಅಮೆರಿಕದ ಎಂಜಿಎಂಟಿ ತಂಡವನ್ನು ನೋಡಿ. ಮೊದಲ ಆಲ್ಬಮ್ಮಿನ ಮೂರು ಹಾಡು ಜಗತ್ತಿನ ಪಾರ್ಟಿಗಳಲ್ಲೆಲ್ಲ ಮೊಳಗಿದವು. 2010ರಲ್ಲಿ ಬಂದ ಎರಡನೆಯದರಲ್ಲಿ ಅಂಥ ಒಂದೂ ಇರಲಿಲ್ಲ. ಬದಲಿಗೆ ಹನ್ನೆರಡು ನಿಮಿಷದ ಒಂದು ಹಾಡು. ಹಳೆಯ ಹೆಸರಿನ ಬಲದಿಂದ ಅಲ್ಲಿನ ಆಲ್ಬಮ್ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೆ ಬಂತು, ಕೊಂಡವರಲ್ಲಿ ಬಹಳ ಮಂದಿ ಮುಖ ಸಿಂಡರಿಸಿದರು. ನನಗಂತೂ ಎರಡನೆಯದೇ ಮೆಚ್ಚುಗೆ. ಅವಸರ ಯಾಕೆ? ನಮ್ಮೂರಿನ ರಘು ದೀಕ್ಷಿತ್ ಕೂಡ 2008ರಲ್ಲಿ ಮೊದಲನೆಯದು ತಂದವರು ಎರಡನೆಯದಕ್ಕೆ 2013ರವರೆಗೆ ಸಮಯ ತೆಗೆದುಕೊಂಡರು.

ನಿಮ್ಮ ಆರನೇ ಹಾಡು ನನಗೆ ಇಷ್ಟವಾಯಿತು. ಮಳೆ ಬರುವ ಮುಂಚಿನ ಸೆಕೆ ಇದೆ ಅದರಲ್ಲಿ. ಸ್ಟುಡಿಯೋದಲ್ಲಿ ಅದು ಸಿಗುವುದು ಅನುಮಾನ.

ಪಿಟೀಲಿನವಳು, ಒಂಟಿಕೊಪ್ಪಲು

ಒಂದು ವಾರ ಉತ್ತರ ಬರೆಯದೆ ಕುಳಿತಿದ್ದೆ. ಮಂಡ್ಯದ ಹಿರಿಯರ ಮೇಲೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಗುರುಗಳ ಮನೆಯ ಗೋಡೆಯಲ್ಲಿ ಚೌಡಯ್ಯನವರ ಪಟವಿತ್ತು, ಹನ್ನೊಂದು ವರ್ಷ ಅದರ ಕೆಳಗೆ ಕುಳಿತು ಪಾಠ ಹೇಳಿಸಿಕೊಂಡವಳು ನಾನು. ಆ ಏಳು ತಂತಿಯನ್ನು ನನಗೇ ತಿರುಗಿಸಿ ಹೊಡೆಯುತ್ತಾರೆ ಎಂದುಕೊಂಡಿರಲಿಲ್ಲ.

ಭಾನುವಾರ ಹೆಡ್‌ಫೋನ್ ಹಾಕಿಕೊಂಡು, ನನ್ನ ಪಿಟೀಲು ಇಲ್ಲವೆಂದೇ ಭಾವಿಸಿ, ಬರೀ ಹಾಡುಗಾರನ ಮಾತನ್ನು ಬರೆದುಕೊಳ್ಳುತ್ತ ಕೇಳಿದೆ. ಎರಡನೇ ಹಾಡಿನ ಎರಡನೇ ಚರಣದಲ್ಲಿ ನಾಲ್ಕು ಪದ ಬಿಟ್ಟುಹೋದವು. ಆ ಸಾಲು ಬರೆದವಳೇ ನಾನು! ನಾಲ್ವರಲ್ಲಿ ನಾನೊಬ್ಬಳು ಕಿಟಕಿಯ ಪಕ್ಕ, ಜಮಖಾನವಿಲ್ಲದ ಕಡೆ, ಮೈಕಿಗೆ ಹತ್ತಿರ ಕುಳಿತಿದ್ದೆ, ಸೆಕೆ ತಡೆಯುವುದಿಲ್ಲವೆಂದು. ಅವನನ್ನು ಮೂಲೆಗೆ ಕೂರಿಸಿದ್ದೆವು. ಈ ಎರಡು ತಿಂಗಳು ಅವನು ಜಗಳವಾಡಿದ್ದು ಸ್ಟುಡಿಯೋಗಾಗಿ ಎಂದುಕೊಂಡಿದ್ದೆ.

ಫೋನ್ ಮಾಡಿ ಹೇಳಿದೆ. ‘ಕೊನೆಗೂ ಕೇಳಿಸಿತಾ?’ ಎಂದ.

ಹೆಬ್ಬಾಳಿನವರ ಪ್ರಶ್ನೆಗೆ: ಬೇರೆ ಬೇರೆ ಟ್ರ್ಯಾಕ್ ಇದೆ. ಐದು ಹಾಡನ್ನು ಮತ್ತೆ ಮಿಕ್ಸ್ ಮಾಡಿಸುತ್ತೇವೆ, ನೀವು ಒಪ್ಪುವುದಾದರೆ ನಿಮ್ಮಲ್ಲಿಯೇ. ಎರಡು ಹಾಡಿಗೆ ಅವನು ಬರುವ ಎರಡನೇ ಶನಿವಾರ ಅದೇ ಕೋಣೆಯಲ್ಲಿ, ದೊಡ್ಡಪ್ಪನ ಪುಸ್ತಕದ ಕಪಾಟಿನ ಎದುರು ನಿಂತು ಮತ್ತೆ ಹಾಡುತ್ತಾನೆ. ಅವನ ಮೈಕಿಗೆ ನಮ್ಮ ಸದ್ದು ನುಗ್ಗದಿರಲಿ ಎಂದು ನಾವು ಮೂವರೂ ಕೆಳಗೆ ಅಡುಗೆಮನೆಯಲ್ಲಿ ಇರುತ್ತೇವೆ. ಈಗಿರುವುದನ್ನು ತೆಗೆಯುವುದಿಲ್ಲ, ಹೊಸದು ಅದರ ಪಕ್ಕದಲ್ಲಿ ಬರುತ್ತದೆ. ಆರನೇ ಹಾಡನ್ನು ಯಾರೂ ಮುಟ್ಟುವುದಿಲ್ಲ.

ಅಂದು ಕುಕ್ಕರ್ ಎಷ್ಟು ಹೊತ್ತಿಗೆ ಇಡಲಿ ಎಂದು ದೊಡ್ಡಮ್ಮ ಕೇಳಿದ್ದಾರೆ. ಇನ್ನೂ ಉತ್ತರ ಹೇಳಿಲ್ಲ.