ಪದಚರ್ಚೆ: ‘ನರ’ಕ್ಕೆ ಏನನ್ನಲಿ? ಸೋಮವಾರ ಅಚ್ಚಿಗೆ

ಶಿರಸಿಯಿಂದ:
ಔಷಧಿ ಪ್ರಯೋಗವೊಂದರ ಒಪ್ಪಿಗೆ ಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ರಕ್ತದಲ್ಲಿ ಐಜಿಎಂ ಎಂಬ ಪ್ರೋಟೀನ್ ಅತಿಯಾಗಿ, ನರದ ಮೇಲಿನ ಮಯಲಿನ್ ಪೊರೆಗೇ ತಿರುಗಿಬೀಳುವ ಕಾಯಿಲೆ. ಪಾದದಲ್ಲಿ ಜೋಮು ಶುರುವಾಗಿ ಬರಬರುತ್ತ ನಡಿಗೆ ತೂರಾಡುತ್ತದೆ. ‘ನ್ಯೂರೋಪತಿ’ಗೆ, ಅಂದರೆ ನರಗಳು ಕೆಡುವುದಕ್ಕೆ, ‘ನರದೌರ್ಬಲ್ಯ’ ಎಂದು ಬರೆದಿದ್ದೆ. ಓದಿ ನೋಡಲು ಕೊಟ್ಟರೆ ಮಾವ, ‘ಇದು ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಕಾಯ್ಲೆ, ಯಂಗಿಲ್ಲೆ’ ಎಂದು ಮಡಚಿಟ್ಟರು. ಬೇರೆ ಪದ ಬೇಕು. ‘ಪ್ಲಾಸಿಬೊ’ಗೂ, ಅಂದರೆ ಹೋಲಿಸಿ ನೋಡಲು ಕೊಡುವ, ಔಷಧಿಯಿಲ್ಲದ ಡೋಸಿಗೂ. ‘ಹುಸಿಮದ್ದು’ ಆದೀತೆ?

ಕಾರವಾರದಿಂದ:
‘ಮಜ್ಜಾತಂತು’. ಮರಾಠಿಯಲ್ಲಿ ಬಳಕೆಯಲ್ಲಿದೆ. ಸಂಸ್ಕೃತ ಮೂಲದ್ದು, ಸಾಲವೆನ್ನುವಂತಿಲ್ಲ.

ಕುಮಟೆಯಿಂದ:
ಬೇಡವೇ ಬೇಡ. ಕನ್ನಡದಲ್ಲಿ ಮಜ್ಜೆ ಮೂಳೆಯೊಳಗಿನದು. ಈ ಪ್ರೋಟೀನ್ ಮಾಡುವ ಕೋಶಗಳು ಹೆಚ್ಚಾಗಿ ಇರುವುದೂ ಅಲ್ಲೇ, ಅಸ್ಥಿಮಜ್ಜೆಯಲ್ಲಿ. ಒಂದೇ ಪುಟದಲ್ಲಿ ಎರಡು ಮಜ್ಜೆ ಯಾಕೆ? ‘ನರ’ ಅಚ್ಚ ದ್ರಾವಿಡ: ತಮಿಳಿನ ನರಂಬು, ಮಲಯಾಳದ ಞರಂಬು. ಮನುಷ್ಯನೆಂಬ ಸಂಸ್ಕೃತದ ನರನಿಗೂ ಇದಕ್ಕೂ ನಂಟಿಲ್ಲ (ಪ್ರತಿ ಸಲ ಯಾರೋ ಒಬ್ಬರು ಕೇಳುತ್ತಾರೆ).

ತೊಡಕಿರುವುದು ಬೇರೆ ಕಡೆ. ಸಲೈನ್ ಹಾಕುವಾಗ ಸಿಸ್ಟರ್ ‘ನರ ಸಿಗ್ತಾ ಇಲ್ಲ’ ಅನ್ನುತ್ತಾರೆ. ಅದು ರಕ್ತನಾಳ. ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನೂ ಈ ಕಾಯಿಲೆಗೆ ಡ್ರಿಪ್ಪಿನಲ್ಲೇ ಕೊಡುವುದು. ಕೆಟ್ಟ ನರಕ್ಕೇ ಸೂಜಿ ಚುಚ್ಚುತ್ತಾರೆಂದು ರೋಗಿ ಹೆದರಿದರೆ ತಪ್ಪು ಅವನದಲ್ಲ, ನಿಮ್ಮದು. ಸೂಜಿ ಬಂದಲ್ಲಿ ‘ರಕ್ತನಾಳ’, ಕಾಯಿಲೆ ಬಂದಲ್ಲಿ ‘ಕೈಕಾಲಿನ ನರಗಳಿಗೆ ಹಾನಿ’ ಎನ್ನಿ. ‘ಅಭಿಧಮನಿ’ ಪಠ್ಯಪುಸ್ತಕದಲ್ಲೇ ಇರಲಿ.

ಹುಸಿಮದ್ದೂ ಬೇಡ. ‘ಮದ್ದು ಹಾಕಿದಾರೆ’ ಅಂದರೆ ನಮ್ಮ ಕಡೆ ಏನರ್ಥ, ಗೊತ್ತಲ್ಲ. ಅದಕ್ಕೆ ಹುಸಿಯೂ ಸೇರಬೇಕೆ? ‘ಔಷಧಿ ಬೆರೆಸದ ಡ್ರಿಪ್’ ಸಾಕು. ಮತ್ತೆ, ‘ಗುಣಪಡಿಸುವ ಔಷಧಿ’ ಎಂದೆಲ್ಲೂ ಬರೆಯಬೇಡಿ. 2013ರಲ್ಲಿ ಪ್ರಕಟವಾದ 54 ಜನರ ಪ್ರಯೋಗದಲ್ಲಿ, ಮುಖ್ಯ ಅಳತೆಯ ಮಟ್ಟಿಗೆ, ರಿಟುಕ್ಸಿಮ್ಯಾಬ್ ಪ್ಲಾಸಿಬೊವನ್ನು ಮೀರಲಿಲ್ಲ.

ಕಾರವಾರದಿಂದ:
ರಕ್ತ, ನಾಳ, ಹಾನಿ, ಔಷಧಿ, ಎಲ್ಲ ಸಂಸ್ಕೃತ! ಮರಾಠಿ ಹೊಸಿಲು ದಾಟಿ ಬಂದರೆ ಮಾತ್ರ ಮೈಲಿಗೆಯೋ?

ಕುಮಟೆಯಿಂದ:
ಓದಿದವರಿಗೆ ತಿಳಿದರೆ ಆಯಿತು. ‘ನೆತ್ತರುಗೊಳವೆ’ ನಾನೆಲ್ಲಿ ಕೇಳಿದೆ?

ಶಿರಸಿಯಿಂದ:
ತಿದ್ದಿ ಮತ್ತೆ ಮಾವನಿಗೆ ಕೊಟ್ಟೆ. ಈ ಸಲ ನರದ ತಕರಾರಿಲ್ಲ. ‘ಪ್ರೋಟೀನ್ ಜಾಸ್ತಿ ಆದ್ರೆ ಒಳ್ಳೇದೇ ಅಲ್ದ?’ ಎಂದು ಕೇಳುತ್ತಿದ್ದಾರೆ. ಅದಕ್ಕೊಂದು ಪದ ಇದ್ದರೆ ನಾಳೆಯೊಳಗೆ ಹೇಳಿ.